ಫೋಟೊದಲ್ಲಿರೋದು ಅಮೃತಬಳ್ಳಿ ಅಲ್ಲ

*ಶ್ರೀಧರ* (ಫಾರ್ವರ್ಡ್, ಜೊತೆಗೆ ಫೋಟೊ): ಗೇಣುದ್ದ ಅಮೃತಬಳ್ಳಿ ಕಾಂಡ ಜಜ್ಜಿ, ಒಂದು ಲೋಟ ನೀರಲ್ಲಿ ಕುದಿಸಿ, ದಿನಾ ಖಾಲಿ ಹೊಟ್ಟೆಗೆ ಕುಡಿಯಿರಿ. ಮನೆಮಂದಿಗೆಲ್ಲ ಕೊಡಿ, ವರ್ಷಪೂರ್ತಿ. ಅಡ್ಡಪರಿಣಾಮ ಸೊನ್ನೆ!! 10 ಜನಕ್ಕೆ ಕಳಿಸಿ 🙏

*ಸುಮಾ:* ಫೋಟೊ ದೊಡ್ಡದು ಮಾಡಿ ನೋಡ್ರಪ್ಪ. ಕಾಂಡದ ಮೈಯೆಲ್ಲ ಹಾಗಲಕಾಯಿ ಸಿಪ್ಪೆ ಥರ ಗಂಟುಗಂಟು. ಇದು ಟಿನೋಸ್ಪೋರ ಕ್ರಿಸ್ಪ. ಅಮೃತಬಳ್ಳಿ ಅಂದ್ರೆ ಟಿನೋಸ್ಪೋರ ಕಾರ್ಡಿಫೋಲಿಯ.

*ಶ್ರೀಧರ:* ಎಲೆ ಹೃದಯದಾಕಾರಾನೇ ಇದೆಯಲ್ಲ?

*ಸುಮಾ:* ಎರಡಕ್ಕೂ ಹಾಗೇ ಇರುತ್ತೆ, ಎಲೆ ನಂಬಬೇಡ. ಕಾಂಡ ಹಿಡಿದು ನೋಡು. ಅಮೃತಬಳ್ಳೀಲಿ ಸಣ್ಣ ಚುಕ್ಕೆ ಇರುತ್ತೆ ಅಷ್ಟೆ. ಕಾಗದದಂಥ ಹೊರಪೊರೆ ಉಗುರಲ್ಲಿ ಕೆರೆದರೆ ಒಳಗೆ ಹಸಿರು. ಕ್ರಿಸ್ಪ ಬೂದುಬಣ್ಣ, ಗಂಟು ಬೆರಳಿಗೆ ಸಿಗುತ್ತೆ, ಮುರಿದರೆ ಹಾಲಿನಂಥ ರಸ. ಹೂ ಬಿಟ್ಟಿದ್ರೆ ದಳ ಎಣಿಸು: 6 ಇದ್ರೆ ಅಮೃತಬಳ್ಳಿ, 3 ಇದ್ರೆ ಕ್ರಿಸ್ಪ.

*ಶ್ರೀಧರ:* ಅಡ್ಡ ಕೊಯ್ದರೆ ಗಾಡಿಚಕ್ರ ಕಾಣುತ್ತಲ್ಲ, ಚಕ್ರಲಕ್ಷಣಿಕಾ ಅನ್ನೋ ಹೆಸರೇ ಅದರಿಂದ ಬಂದಿದ್ದು. ಆ ಪರೀಕ್ಷೆ ಸಾಲದಾ?

*ಸುಮಾ:* ಸಾಲದು. ಕ್ರಿಸ್ಪ ಕೊಯ್ದರೂ ಚಕ್ರಾನೇ.

*ಇಕ್ಬಾಲ್:* ಇಲ್ಲೇ ಇರೋದು ವಿಷಯ. 2021ರಲ್ಲಿ ಮುಂಬೈ ವೈದ್ಯರು 6 ಜನರ ಲಿವರ್ ಹಾನಿ ವರದಿ ಮಾಡಿದಾಗ ಆಯುಷ್ ಸಚಿವಾಲಯ ಕೇಳಿದ್ದೂ ಇದನ್ನೇ, ಗಿಡ ಸರಿಯಾಗಿ ಗುರುತಿಸಿದ್ರಾ ಅಂತ. ಸುಮ್ಮನೆ ಬಳ್ಳಿ ಮೇಲೆ ಗೂಬೆ ಕೂರಿಸಿದ್ರು.

*ಗೀತಾ:* ಇಷ್ಟು ಬೇಗ ಬಳ್ಳೀನ ಖುಲಾಸೆ ಮಾಡ್ಬೇಡಿ ಇಕ್ಬಾಲ್ ವೈದ್ಯರೇ. 2022ರಲ್ಲಿ ದೇಶದ 13 ಕೇಂದ್ರಗಳಿಂದ ಲಿವರ್ ಹಾನಿಯಾದ 43 ರೋಗಿಗಳ ವರದಿ ಬಂತು. ಕುಡಿಯೋಕೆ ಶುರು ಮಾಡಿ ಲಕ್ಷಣ ಕಾಣೋಕೆ ಸುಮಾರು ಒಂದೂವರೆ ತಿಂಗಳು. ಲಿವರ್ ಚೂರು ತೆಗೆದು ನೋಡೋ ಬಯಾಪ್ಸಿಯಲ್ಲಿ ಆಟೋಇಮ್ಯೂನ್ ಹೆಪಟೈಟಿಸ್ (ನಮ್ಮ ರೋಗನಿರೋಧಕ ಶಕ್ತಿಯೇ ಲಿವರ್ ಮೇಲೆ ತಿರುಗಿಬೀಳೋ ರೋಗ) ಹೋಲುವ ಚಿತ್ರ. ಅದನ್ನೆಲ್ಲ ಬರೀ ಗಿಡ ಅದಲುಬದಲಾಯ್ತು ಅಂತ ತಳ್ಳಿಹಾಕೋಕಾಗಲ್ಲ.

*ಇಕ್ಬಾಲ್:* ಕೋವಿಡ್‌ನ ಆ ಎರಡು ವರ್ಷ ಎಷ್ಟು ಜನ ಕುಡಿದ್ರು ಅಂತ ಲೆಕ್ಕ ಇದೆಯಾ? ಅದಿಲ್ಲದೆ 43 ಅನ್ನೋದು ಹೆಚ್ಚೋ ಕಮ್ಮಿಯೋ ಹೇಗೆ ಹೇಳ್ತೀರಿ?

*ಗೀತಾ:* ಅಪರೂಪ ಅಂತ ಒಪ್ಪಿದೆ. ಆದ್ರೆ ಯಾರಿಗೆ ಬಂತು ನೋಡಿ. ರೋಗನಿರೋಧಕ ಶಕ್ತಿಯನ್ನ ಎಬ್ಬಿಸುತ್ತೆ ಅಂತ ತಾನೇ ಹೊಗಳೋದು? ಲೂಪಸ್ (ಅದೂ ಆಟೋಇಮ್ಯೂನ್ ರೋಗಾನೇ), ಆಟೋಇಮ್ಯೂನ್ ಥೈರಾಯ್ಡ್ ಇದ್ದವರಲ್ಲಿ ಅದು ಈಗಾಗ್ಲೇ ಎದ್ದು ಕೂತಿದೆ, ಇನ್ನಷ್ಟು ಕೆರಳಿಸಿದ ಹಾಗೆ. ಕಿಡ್ನಿ ಕಸಿ ಆದವರು ಅದನ್ನ ಮಲಗಿಸೋಕೇ ಮಾತ್ರೆ ನುಂಗ್ತಿರ್ತಾರೆ. ಶುಗರ್ ಮಾತ್ರೆ, ಇನ್ಸುಲಿನ್ ಜೊತೆ ಕುಡಿದರೆ ಸಕ್ಕರೆ ಕೆಳಗಿಳೀಬಹುದು: ಬೆವರು, ನಡುಕ. ಬಸುರಿಯರಿಗೂ ಬೇಡ. "ಮನೆಮಂದಿಗೆಲ್ಲ" ಅಂದ್ರೆ ಇವರೆಲ್ಲ ಬಂದ್ರಲ್ಲ!

*ಇಕ್ಬಾಲ್:* ಅದು ಸರಿ. "ಗೇಣುದ್ದ" ಅನ್ನೋದಕ್ಕೆ ನನ್ನದೂ ತಕರಾರಿದೆ. ಕಿರುಬೆರಳು ದಪ್ಪದ್ದೂ ಗೇಣು, ಹೆಬ್ಬೆರಳು ದಪ್ಪದ್ದೂ ಗೇಣು, ತೂಕ ಎರಡರಷ್ಟಾದ್ರೂ ಆಶ್ಚರ್ಯ ಇಲ್ಲ. ಆಯುರ್ವೇದ ಫಾರ್ಮಕೋಪಿಯದ (ಔಷಧಿಗಳ ಅಧಿಕೃತ ಪ್ರಮಾಣಗ್ರಂಥ) ಅಳತೆ ಪುಡಿಯಾದ್ರೆ 3-6 ಗ್ರಾಂ, ಕಷಾಯಕ್ಕೆ 20-30 ಗ್ರಾಂ. 25 ಗ್ರಾಂ ಜಜ್ಜಿ, 200 ಮಿಲಿ ನೀರು ಹಾಕಿ, ಮುಚ್ಚಳ ಮುಚ್ಚದೆ ಸಣ್ಣ ಉರೀಲಿ 50 ಮಿಲಿಗೆ ಇಳಿಸಿ ಸೋಸಬೇಕು. ಆವತ್ತಿಂದು ಆವತ್ತೇ. ಇನ್ನು ಅವಧಿ: 2020ರ ಆಯುಷ್ ಕೋವಿಡ್ ಸೂಚನೆಯಲ್ಲೂ ಗುಡೂಚಿ ಘನವಟಿ (ಅಮೃತಬಳ್ಳಿ ಸಾರ ಗಟ್ಟಿ ಮಾಡಿದ ಮಾತ್ರೆ) 500 ಮಿಗ್ರಾಂ ದಿನಕ್ಕೆರಡು ಸಲ, 15 ದಿನ ಇಲ್ಲಾ ಒಂದು ತಿಂಗಳು. "ವರ್ಷಪೂರ್ತಿ" ಎಲ್ಲಿಂದ ಬಂತೋ!

*ಶ್ರೀಧರ:* ಅಂಗಡೀಲಿ ಬಿಳಿ ಪುಡಿ ಸತ್ವ ಸಿಗುತ್ತಲ್ಲ, ಅದು? ಅಯೋಡಿನ್ ಹಾಕಿದ್ರೆ ಕಲಬೆರಕೆ ಗೊತ್ತಾಗುತ್ತಂತೆ.

*ಸುಮಾ:* 😂 ಸತ್ವ ಅಂದ್ರೇನೇ ಬಳ್ಳಿಯ ಪಿಷ್ಟ. ಜಜ್ಜಿ, ನೆನೆಸಿ, ಹಿಸುಕಿ, ತಳಕ್ಕೆ ಇಳಿದದ್ದನ್ನ ಒಣಗಿಸಿದ್ದು. ಅಯೋಡಿನ್ ಯಾವ ಪಿಷ್ಟಕ್ಕೆ ಬಿದ್ರೂ ನೀಲಿ: ಅಸಲಿಯೂ ನೀಲಿ, ಮೈದಾನೂ ನೀಲಿ.

*ಗೀತಾ:* ಈಗಾಗ್ಲೇ ಕುಡೀತಿರೋರು ಗಮನಿಸಿ. ಮೂತ್ರ ಕಡುಹಳದಿ, ಮೈತುರಿಕೆ, ಊಟ ಸೇರದಿರೋದು, ಕಣ್ಣು ಹಳದಿ, ಇದರಲ್ಲಿ ಒಂದು ಕಂಡ್ರೂ ಆವತ್ತೇ ನಿಲ್ಲಿಸಿ ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿ. ಡಾಕ್ಟರ್ ಹತ್ರ "ಏನೂ ತಗೊಳ್ತಿಲ್ಲ" ಅನ್ಬೇಡಿ. ಕಷಾಯವನ್ನ ಔಷಧಿ ಅಂತ ಯಾರೂ ಲೆಕ್ಕಕ್ಕೇ ಹಿಡಿಯಲ್ಲ, ಅಲ್ಲೇ ಎಡವೋದು.

*ಶ್ರೀಧರ:* ಹಾಗಾದ್ರೆ ಫೋಟೊ ಬದಲಿಸಿ ಕಳಿಸ್ಲಾ?

*ಸುಮಾ:* ಕಳಿಸು. "ಗೇಣುದ್ದ", "ಮನೆಮಂದಿಗೆಲ್ಲ", "ವರ್ಷಪೂರ್ತಿ", "ಸೊನ್ನೆ" ಅಳಿಸಿಬಿಡು. "10 ಜನಕ್ಕೆ ಕಳಿಸಿ" ಉಳಿಯುತ್ತೆ ನೋಡು.