ಎನ್‌ವಿಡಿಎ ಸೋರ್ಸ್ ಪುಲ್ ಮಾಡಿದ ಮೇಲೆ ಇ-ಸ್ಪೀಕ್‌ನ ಕನ್ನಡ ತಿದ್ದುಪಡಿ ಮಾಯ (ಬಗೆಹರಿದಿದೆ)

ಬ್ರೈಲ್‌ಬಿಂದು:
ಎಲ್ಲರಿಗೂ ನಮಸ್ಕಾರ. ಪರದೆ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎಯ ಸೋರ್ಸ್ ಕೋಡನ್ನು ಗಿಟ್‌ಹಬ್‌ನಿಂದ ಕ್ಲೋನ್ ಮಾಡಿ, ವಿಷುಯಲ್ ಸ್ಟುಡಿಯೋ ಬಿಲ್ಡ್ ಟೂಲ್ಸ್ ಹಾಕಿಕೊಂಡು ಬಿಲ್ಡ್ ಮಾಡ್ತಿದ್ದೇನೆ. ಫೋನ್, ಫೈಲ್, ಆಫೀಸ್ ಇಂಥ ಪದಗಳಲ್ಲಿ ಫ ಅಕ್ಷರವನ್ನು ಫಲದ ಫ ಥರ ಓದದೆ ಇಂಗ್ಲಿಷಿನ ಎಫ್ ಥರ ಓದಲಿ ಅಂತ, ಅದಕ್ಕೆ ದನಿ ಕೊಡುವ ಇ-ಸ್ಪೀಕ್‌ನ ಕನ್ನಡ ಪದಪಟ್ಟಿಗೆ ಒಂದಷ್ಟು ಸಾಲು ಸೇರಿಸಿದ್ದೆ. ಎನ್‌ವಿಡಿಎಯ ಇನ್‌ಕ್ಲೂಡ್ ಫೋಲ್ಡರಿನ ಒಳಗೆ ಇಸ್ಪೀಕ್, ಅದರೊಳಗೆ ಡಿಕ್ಟ್‌ಸೋರ್ಸ್, ಅಲ್ಲಿ ಕೆಎನ್-ಲಿಸ್ಟ್ ಫೈಲ್. ಅಲ್ಲೇ ನಿಂತು ಕಮಿಟ್ ಕೂಡ ಮಾಡಿದ್ದೆ (ಅಂದರೆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿದ್ದೆ). ಬಿಲ್ಡ್ ಮಾಡುವ ಸ್ಕಾನ್ಸ್ ಸೋರ್ಸ್ ಕಮಾಂಡ್ ಕೊಟ್ಟು ರನ್‌ಎನ್‌ವಿಡಿಎ ಓಡಿಸಿದರೆ ಚೆನ್ನಾಗಿ ಓದ್ತಿತ್ತು.

ಮೊನ್ನೆ ಗಿಟ್ ಪುಲ್, ಆಮೇಲೆ ಗಿಟ್ ಸಬ್‌ಮಾಡ್ಯೂಲ್ ಅಪ್‌ಡೇಟ್ ಕೊಟ್ಟೆ. ಬಿಲ್ಡ್ ಒಂದೂ ತಪ್ಪಿಲ್ಲದೆ ಮುಗೀತು, ಆದರೆ ಓದೋದು ಮತ್ತೆ ಹಳೇ ಥರ. ಫೈಲ್ ತೆಗೆದು ನೋಡಿದರೆ ನನ್ನ ಸಾಲುಗಳೇ ಇಲ್ಲ. ಕಮಿಟ್ ಮಾಡಿದ್ದು ಎಲ್ಲಿಗೆ ಹೋಯ್ತು?

ಮಲೆನಾಡ್‌ಕೋಡ್:
ಸ್ಕಾನ್ಸ್ ಹಳೇ ಫೈಲುಗಳನ್ನೇ ಹಿಡಿದು ಕೂತಿರಬಹುದು. ಸ್ಕಾನ್ಸ್ ಹೈಫನ್ ಸಿ ಕೊಟ್ಟು ಎಲ್ಲ ತೊಳೆದು ಮತ್ತೊಮ್ಮೆ ಬಿಲ್ಡ್ ಮಾಡಿ ನೋಡಿ. ಇನ್ನೊಂದು, ಈಗ ಮಾತಾಡ್ತಿರೋದು ಯಾವ ಎನ್‌ವಿಡಿಎ ಅಂತ ಖಾತ್ರಿ ಮಾಡ್ಕೊಳ್ಳಿ. ಕಂಟ್ರೋಲ್ ಆಲ್ಟ್ ಎನ್ ಒತ್ತಿದರೆ ಇನ್‌ಸ್ಟಾಲ್ ಆಗಿರೋದೇ ಎದ್ದು ಕೂರುತ್ತೆ. ಹೆಲ್ಪ್ ಮೆನುವಿನ ಅಬೌಟ್‌ನಲ್ಲಿ ಆವೃತ್ತಿ "ಸೋರ್ಸ್" ಅಂತ ಶುರುವಾದರೆ ಮಾತ್ರ ಅದು ನಿಮ್ಮ ಬಿಲ್ಡ್.

ಬ್ರೈಲ್‌ಬಿಂದು:
ನೋಡಿದೆ ಸರ್, ಸೋರ್ಸ್ ಅಂತಲೇ ಇದೆ. ತೊಳೆದು ಬಿಲ್ಡ್ ಮಾಡಿದರೂ ಅಷ್ಟೇ. ಎನ್‌ವಿಡಿಎ ಫೋಲ್ಡರಿನಲ್ಲಿ ಗಿಟ್ ಸ್ಟೇಟಸ್ ಏನೂ ಬದಲಾಗಿಲ್ಲ ಅನ್ನುತ್ತೆ. ಇಸ್ಪೀಕ್ ಫೋಲ್ಡರಿಗೆ ಹೋಗಿ ಕೇಳಿದರೆ "ಹೆಡ್ ಡಿಟ್ಯಾಚ್ಡ್" ಅಂತ ಬರ್ತಿದೆ.

ಹಳೇಟರ್ಮಿನಲ್:
ಉತ್ತರ ಆ ಕೊನೇ ಸಾಲಿನಲ್ಲೇ ಇದೆ. ಸ್ಕಾನ್ಸ್ ಮೇಲೆ ಅನುಮಾನ ಬೇಡ, ಪಾಪ. ಫೈಲಿನ ತಾರೀಖನ್ನಲ್ಲ, ಒಳಗಿನ ವಿಷಯವನ್ನು ಹೋಲಿಸಿ ಬದಲಾವಣೆ ಕಂಡುಹಿಡಿಯುವುದು ಅದರ ಮಾಮೂಲಿ ಪದ್ಧತಿ. ನಿಮ್ಮ ಫೈಲೇ ಹಳೆಯದಾಗಿತ್ತು, ಅದನ್ನೇ ಕಟ್ಟಿಕೊಟ್ಟಿದೆ.

ಕಮಾಂಡ್‌ಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಸ್ಕ್ರೀನ್ ರೀಡರ್ ದನಿ ನಡುನಡುವೆ ಬದಲಾಗುವುದು ತಪ್ಪುತ್ತೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಿ.

ಇನ್‌ಕ್ಲೂಡ್ ಒಳಗಿನ ಇಸ್ಪೀಕ್ ಎನ್‌ವಿಡಿಎಯವರ ಕೋಡಲ್ಲ. ಇ-ಸ್ಪೀಕ್ ಎನ್‌ಜಿ ಬೇರೆಯೇ ಯೋಜನೆ, ಅದರ ರೆಪೊಸಿಟರಿಯೂ ಬೇರೆ. ಎನ್‌ವಿಡಿಎ ಅದನ್ನು ಸಬ್‌ಮಾಡ್ಯೂಲ್ ಆಗಿ, ಅಂದರೆ ರೆಪೊಸಿಟರಿಯೊಳಗಿನ ರೆಪೊಸಿಟರಿಯಾಗಿ, ಎಳೆದುಕೊಳ್ಳುತ್ತೆ. ಬ್ರೈಲ್‌ಗೆ ಬೇಕಾದ ಲಿಬ್‌ಲೂಯಿಯೂ ಹಾಗೆಯೇ. ಎನ್‌ವಿಡಿಎ ತನ್ನ ಬಳಿ ಇಟ್ಟುಕೊಳ್ಳುವುದು ಒಂದೇ ಮಾಹಿತಿ: ಆ ರೆಪೊಸಿಟರಿಯ ಯಾವ ಕಮಿಟ್ ನನಗೆ ಬೇಕು ಅನ್ನೋದು. ಸಬ್‌ಮಾಡ್ಯೂಲ್ ಅಪ್‌ಡೇಟ್ ಕೊಟ್ಟ ತಕ್ಷಣ ಗಿಟ್ ಸದ್ದಿಲ್ಲದೆ ಆ ಕಮಿಟ್ಟಿಗೆ ಹೋಗಿ ನಿಲ್ಲುತ್ತೆ. "ಹೆಡ್ ಡಿಟ್ಯಾಚ್ಡ್" ಅಂದರೆ ಅದೇ: ನೀವು ಕಮಿಟ್ ಮಾಡಿದ್ದು ಯಾವ ಬ್ರಾಂಚಿನ ಮೇಲೂ ಅಲ್ಲ, ಹಾಗಾಗಿ ಅದಕ್ಕೆ ಹೆಸರಿಲ್ಲ. ಕಮಿಟ್ ಮಾಡದೆ ಬಿಟ್ಟಿದ್ದು ಅದೇ ಫೈಲು ಮೇಲಿನಿಂದಲೂ ಬದಲಾಗಿ ಬಂದಿದ್ದರೆ ಗಿಟ್ ತಕರಾರು ತೆಗೆದು ನಿಲ್ಲಿಸುತ್ತಿತ್ತು. ಶಿಸ್ತಾಗಿ ಕಮಿಟ್ ಮಾಡಿದ್ದಕ್ಕೇ ಸುಮ್ಮನೆ ದಾಟಿ ಹೋಗಿದೆ!

ಕಮಿಟ್ ಅಳಿಸಿಹೋಗಿಲ್ಲ. ಇಸ್ಪೀಕ್ ಫೋಲ್ಡರಿನ ಒಳಗೆ ನಿಂತು ಗಿಟ್ ರಿಫ್‌ಲಾಗ್ ಕೊಡಿ. ಹೊರಗಿನ ಎನ್‌ವಿಡಿಎ ಫೋಲ್ಡರಿನಲ್ಲಿ ಕೊಟ್ಟರೆ ಸಿಗಲ್ಲ. ಪಟ್ಟಿಯಲ್ಲಿ ನಿಮ್ಮ ಕಮಿಟ್ ಸಂದೇಶ ಕೇಳಿಸುತ್ತೆ, ಸಾಲಿನ ಆರಂಭದಲ್ಲಿ ಅದರ ಹ್ಯಾಶ್ (ಗುರುತಿನ ಸಂಕೇತ) ಇರುತ್ತೆ. ಗಿಟ್ ಬ್ರಾಂಚ್, ಒಂದು ಹೆಸರು, ಆ ಹ್ಯಾಶ್. ಅಷ್ಟೇ, ವಾಪಸ್ ಬಂತು. ತಡ ಮಾಡಬೇಡಿ, ಹೀಗೆ ಬ್ರಾಂಚಿಲ್ಲದೆ ತೇಲುವ ಕಮಿಟ್‌ಗಳ ರಿಫ್‌ಲಾಗ್ ದಾಖಲೆಯನ್ನು ಗಿಟ್ ಸಾಮಾನ್ಯವಾಗಿ 30 ದಿನಕ್ಕೆ ಗುಡಿಸಿಹಾಕುತ್ತೆ.

ಇನ್ನು ಮುಂದಕ್ಕೆ. ಇ-ಸ್ಪೀಕ್ ಎನ್‌ಜಿಯನ್ನು ನಿಮ್ಮ ಗಿಟ್‌ಹಬ್ ಖಾತೆಗೆ ಫೋರ್ಕ್ ಮಾಡಿ (ಸ್ವಂತ ಪ್ರತಿ ಮಾಡಿಕೊಂಡು), ಎನ್‌ವಿಡಿಎ ಫೋಲ್ಡರಿನ ಹೊರಗೆ ಬೇರೆ ಕಡೆ ಕ್ಲೋನ್ ಮಾಡಿಟ್ಟುಕೊಳ್ಳಿ. ಉಚ್ಚಾರಣೆಯ ಕೆಲಸವೆಲ್ಲ ಅಲ್ಲೇ ನಡೆಯಲಿ. ಒಂದು ಪದ ತಿದ್ದಿದಾಗಲೆಲ್ಲ ಇಡೀ ಎನ್‌ವಿಡಿಎ ಬಿಲ್ಡ್ ಮಾಡ್ತಾ ಕೂತರೆ ಕೆಲಸ ಸಾಗಲ್ಲ. ಲಿನಕ್ಸ್ ಅಥವಾ ಡಬ್ಲ್ಯುಎಸ್ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಇದ್ದರೆ ಆಟೋಜೆನ್, ಕಾನ್ಫಿಗರ್, ಮೇಕ್ ಒಮ್ಮೆ ಮುಗಿಸಿ. ಆಮೇಲೆ ಪದಪಟ್ಟಿ ತಿದ್ದಿದಾಗೆಲ್ಲ ಮೇಕ್ ಕೆಎನ್ ಅಂತ ಕೊಟ್ಟರೆ ಕನ್ನಡದ ನಿಘಂಟು ಮಾತ್ರ ಮತ್ತೆ ಕಂಪೈಲ್ ಆಗುತ್ತೆ.

ಇಲ್ಲೊಂದು ಗುಂಡಿ ಇದೆ. ಸಿಸ್ಟಮ್‌ನಲ್ಲಿ ಮೊದಲೇ ಇ-ಸ್ಪೀಕ್ ಇನ್‌ಸ್ಟಾಲ್ ಆಗಿದ್ದರೆ, ನೀವು ಕಟ್ಟಿದ ಪ್ರೋಗ್ರಾಂ ಸಿಸ್ಟಮ್‌ನ ಹಳೇ ನಿಘಂಟನ್ನೇ ಓದಿಬಿಡುತ್ತೆ. ಇಸ್ಪೀಕ್-ಡೇಟಾ-ಪಾತ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ನಿಮ್ಮ ಕ್ಲೋನ್ ಫೋಲ್ಡರಿನ ದಾರಿ ಕೊಟ್ಟು, ಲೈಬ್ರರಿ ಪಾತ್‌ಗೆ ಎಸ್‌ಆರ್‌ಸಿ ಫೋಲ್ಡರ್ ಸೇರಿಸಿ ಓಡಿಸಿ. ದನಿ ಕೆಎನ್, ಜೊತೆಗೆ ಹೈಫನ್ ದೊಡ್ಡ ಎಕ್ಸ್ ಕೊಟ್ಟರೆ ಯಾವ ನಿಯಮ ಯಾವ ಅಕ್ಷರಕ್ಕೆ ತಗಲಿತು ಅಂತ ಸಾಲುಸಾಲಾಗಿ ಪಠ್ಯದಲ್ಲೇ ಹೇಳುತ್ತೆ. ಕಿವಿಗಿಂತ ಅದನ್ನು ನಂಬಿ.

ಎನ್‌ವಿಡಿಎಯಲ್ಲಿ ಕೇಳಿ ನೋಡಬೇಕೆಂದಾಗ ಮಾತ್ರ ಆ ಬ್ರಾಂಚನ್ನು ಇನ್‌ಕ್ಲೂಡ್ ಒಳಗಿನ ಇಸ್ಪೀಕ್‌ಗೆ ಎಳೆದುಕೊಳ್ಳಿ. ಬ್ರಾಂಚಿನ ಮೇಲೆ ಇದ್ದಾಗ ಸಬ್‌ಮಾಡ್ಯೂಲ್ ಅಪ್‌ಡೇಟ್‌ಗೆ ಹೈಫನ್ ಹೈಫನ್ ರೀಬೇಸ್ ಸೇರಿಸಿದರೆ ನಿಮ್ಮ ಕಮಿಟ್‌ಗಳು ಹೊಸದರ ಮೇಲೆ ಕೂರುತ್ತವೆ. ಹೊರಗೆ ಗಿಟ್ ಸ್ಟೇಟಸ್ ಇಸ್ಪೀಕ್ ಪಕ್ಕದಲ್ಲಿ "ನ್ಯೂ ಕಮಿಟ್ಸ್" ಅನ್ನುತ್ತೆ. ಅದನ್ನು ದಯವಿಟ್ಟು ಎನ್‌ವಿಡಿಎಯಲ್ಲಿ ಕಮಿಟ್ ಮಾಡಬೇಡಿ. ಗಿಟ್ ಆಡ್ ಚುಕ್ಕಿ ಕೊಡೋ ಅಭ್ಯಾಸ ಇದ್ದವರಿಗೆ ಇದು ಗೊತ್ತಿಲ್ಲದೇ ಆಗುತ್ತೆ. ಆ ಕಮಿಟ್ ಇರೋದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ, ಬೇರೆಯವರು ನಿಮ್ಮ ಎನ್‌ವಿಡಿಎ ಬ್ರಾಂಚನ್ನು ಸಬ್‌ಮಾಡ್ಯೂಲ್ ಸಮೇತ ಕ್ಲೋನ್ ಮಾಡಹೊರಟರೆ ಅಲ್ಲೇ ಮುರಿದು ಬೀಳುತ್ತೆ.

ಬ್ರೈಲ್‌ಬಿಂದು:
ಸಿಕ್ತು ಸರ್! ರಿಫ್‌ಲಾಗ್‌ನಲ್ಲಿ ಮೇಲಿನಿಂದ ಎರಡನೇ ಸಾಲಿನಲ್ಲೇ ಇತ್ತು. ಫೋರ್ಕ್ ಮಾಡಿ ಅಲ್ಲಿಗೆ ಹಾಕಿದೆ. ಇನ್ನೊಂದು ಸಂಶಯ. ಫೋನ್ ಸರಿಯಾಗಿ ಬರುತ್ತೆ, ಫೋನಿನಲ್ಲಿ, ಫೋನಿಗೆ ಅಂದರೆ ಮತ್ತೆ ಹಳೇ ಫ. ಎಲ್ಲ ವಿಭಕ್ತಿಗಳನ್ನೂ ಪಟ್ಟಿಗೆ ಹಾಕಬೇಕಾ?

ಹಳೇಟರ್ಮಿನಲ್:
ಹಾಕ್ತಾ ಹೋದರೆ ಮುಗಿಯೋದೇ ಇಲ್ಲ: ಫೋನಿಂದ, ಫೋನುಗಳನ್ನು, ಫೋನಾಯಿಸಿದ... ಕೆಎನ್-ಲಿಸ್ಟ್ ಇಡೀ ಪದ ಹೊಂದಿದರೆ ಮಾತ್ರ ಕೆಲಸ ಮಾಡುತ್ತೆ. ಇಂಗ್ಲಿಷಿಗೆ ಅದು ಸಾಕು, ನಮಗೆ ಸಾಲದು. ನಿಮಗೆ ಬೇಕಿರೋದು ಪಕ್ಕದ ಕೆಎನ್-ರೂಲ್ಸ್ ಫೈಲು. ಅಲ್ಲಿ ಫ ಗುಂಪಿನ ಕೆಳಗೆ ಒಂದು ಸಾಲು: ಫ ಅಕ್ಷರ, ತೆರೆಯುವ ಆವರಣ ಚಿಹ್ನೆ, ಅದರ ಮುಂದೆ ಓ ಸ್ವರಚಿಹ್ನೆ ಮತ್ತು ನ, ಆಮೇಲೆ ಜಾಗ ಬಿಟ್ಟು ಎಫ್ ಧ್ವನಿಯ ಸಂಕೇತ. ಅಂದರೆ ಫ ಆದ ಮೇಲೆ ಓಕಾರ, ನ ಬಂದರೆ ಎಫ್ ಎನ್ನು. ನ ಕೆಳಗೆ ವಿರಾಮ ಇರಲಿ, ಇಕಾರ ಇರಲಿ, ಉಕಾರ ಇರಲಿ, ನಿಯಮಕ್ಕೆ ಅದರ ಗೊಡವೆ ಇಲ್ಲ. ಪದದ ಆರಂಭ ಅನ್ನೋ ಷರತ್ತು ಹಾಕಬೇಡಿ, ಟೆಲಿಫೋನ್, ಮೈಕ್ರೋಫೋನ್ ತಪ್ಪಿಹೋಗ್ತವೆ. ಅದೇ ಹೊತ್ತಿಗೆ ಫಲ, ಫಲಿತಾಂಶ, ಸಫಲ ಕೊಟ್ಟು ಹಳೇ ಫ ಕೆಟ್ಟಿಲ್ಲ ಅಂತ ನೋಡಿಕೊಳ್ಳಿ.

ಮಲೆನಾಡ್‌ಕೋಡ್:
ಬರೀ ನಿಮ್ಮ ಬಳಕೆಗಾದರೆ ಎನ್‌ವಿಡಿಎ ಪ್ರಿಫರೆನ್ಸಸ್‌ನಲ್ಲಿ ಸ್ಪೀಚ್ ಡಿಕ್ಷನರಿ ಇದೆಯಲ್ಲ, ಬಿಲ್ಡೇ ಬೇಡ.

ಬ್ರೈಲ್‌ಬಿಂದು:
ಎಲ್ಲರಿಗೂ ಸಿಗಲಿ ಅನ್ನೋದು ಆಸೆ ಸರ್. ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಎನ್‌ವಿಡಿಎಗೆ ಕಳಿಸಬೇಕಾ?

ಹಳೇಟರ್ಮಿನಲ್:
ಅಲ್ಲ, ಇ-ಸ್ಪೀಕ್ ಎನ್‌ಜಿಗೆ. ಅಲ್ಲಿ ಸೇರಿಕೊಂಡ ಮೇಲೆ ಎನ್‌ವಿಡಿಎಯವರು ಯಾವಾಗ ತಮ್ಮ ಸಬ್‌ಮಾಡ್ಯೂಲನ್ನು ಮುಂದಕ್ಕೆ ಸರಿಸುತ್ತಾರೋ ಆಗ ತಾನಾಗೇ ಬರುತ್ತೆ. ಲಿನಕ್ಸ್‌ನಲ್ಲಿ ಓರ್ಕಾ ಸ್ಕ್ರೀನ್ ರೀಡರ್ ಬಳಸೋರಲ್ಲೂ ತುಂಬ ಜನ ಕೇಳೋದು ಇದೇ ದನಿ, ಅವರಿಗೂ ತಲುಪುತ್ತೆ. ರಿಕ್ವೆಸ್ಟ್‌ನಲ್ಲಿ ತಿದ್ದುವ ಮುಂಚಿನ ದೊಡ್ಡ ಎಕ್ಸ್ ಔಟ್‌ಪುಟ್ಟು, ತಿದ್ದಿದ ಮೇಲಿನದು ಎರಡನ್ನೂ ಅಂಟಿಸಿ. ಅಲ್ಲಿ ನೋಡುವವರಿಗೆ ಕನ್ನಡ ಬರಬೇಕೆಂದೇನಿಲ್ಲ.