ಭಾನುವಾರದ ಪ್ರಶ್ನೋತ್ತರ: ಕುಡಿತ ಮತ್ತು ಮನಸ್ಸಿಗೆ ಬಿದ್ದ ಪೆಟ್ಟು

ಅಡ್ಮಿನ್ (6:58): ಏಳರಿಂದ ಒಂಬತ್ತರವರೆಗೆ ಮನೋವೈದ್ಯೆ ಮೇಡಂ ನಮ್ಮ ಜೊತೆ ಇರ್ತಾರೆ. ಕುಡಿತ, ಮಾತ್ರೆ, ಗಾಂಜಾ, ಅದರ ಹಿಂದಿನ ಮನಸ್ಸಿನ ವಿಷಯ ಕೇಳಬಹುದು. ಹೆಸರು ಬೇಡ, ಊರು ಸಾಕು. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ತುಮಕೂರು (7:02): ಮೇಡಂ ನಮಸ್ತೆ. ನಮ್ಮೆಜಮಾನ್ರು ದಿನಾ ಕುಡೀತಾರೆ. ಅವರಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸೋ ಮಾತ್ರೆ ಇದೆಯಂತಲ್ಲ, ಕೊಡಬಹುದಾ?

ಮನೋವೈದ್ಯೆ (7:07): ನಮಸ್ತೆ. ಕೊಡಬಾರದು. ನೀವು ಕೇಳಿರೋದು ಡೈಸಲ್ಫಿರಾಂ. ಮದ್ಯ ಮೈಯೊಳಗೆ ಮೊದಲು ಅಸಿಟಾಲ್ಡಿಹೈಡ್ ಅನ್ನೋ ವಿಷ ಆಗುತ್ತೆ, ಆಮೇಲೆ ಆ ವಿಷ ಕರಗುತ್ತೆ. ಈ ಮಾತ್ರೆ ಅದು ಕರಗದ ಹಾಗೆ ತಡೆಯುತ್ತೆ. ಕುಡಿದರೆ ಮುಖ ಕೆಂಪಾಗಿ, ಎದೆ ಹೊಡ್ಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತೆ. ಹೃದಯದ ತೊಂದರೆ ಇದ್ದವರ ಜೀವವೇ ಹೋಗಬಹುದು. ಕೊನೆಯ ಮಾತ್ರೆ ನುಂಗಿದ ಎರಡು ವಾರದವರೆಗೂ ಈ ಅಪಾಯ ಉಳಿಯುತ್ತೆ. ಅದಕ್ಕೇ ಲಿವರ್ ಪರೀಕ್ಷೆ, ಇಸಿಜಿ ಮಾಡಿಸಿ, ರೋಗಿಗೆ ವಿವರಿಸಿ, ಅವರು ಒಪ್ಪಿದ ಮೇಲೇ ಕೊಡೋದು. ಗುಟ್ಟಾಗಿ ಹಾಕಿದರೆ ಅದು ವಿಷ ಹಾಕಿದ ಹಾಗೆ.

ಹಾಸನ (7:11): ಮೇಡಂ, ನನ್ನ ತಮ್ಮನಿಗೆ 31. ಎರಡು ವರ್ಷದ ಹಿಂದೆ ಬೈಕ್ ಆಕ್ಸಿಡೆಂಟಲ್ಲಿ ಹಿಂದೆ ಕೂತಿದ್ದ ಗೆಳೆಯ ಅಲ್ಲೇ ತೀರಿಕೊಂಡ, ಓಡಿಸ್ತಿದ್ದವನು ಇವನು. ಮೊದಲು ಹಬ್ಬಕ್ಕೋ ಮದುವೆಗೋ ಕುಡೀತಿದ್ದ. ಈಗ ದಿನಾ ರಾತ್ರಿ ಎರಡು ಕ್ವಾರ್ಟರ್. ಕುಡಿಯದೆ ಮಲಗಿದರೆ ಕಿರುಚಿಕೊಂಡು ಏಳ್ತಾನೆ. ಸಂತೆಗೆ ಹೋಗೋಕೆ ಆ ತಿರುವು ಬಿಟ್ಟು ಸುತ್ತು ದಾರಿ ಹಿಡೀತಾನೆ. ಆದರೆ ನಡುರಾತ್ರಿ ಹೆಲ್ಮೆಟ್ ಇಲ್ಲದೆ ಬೈಪಾಸಲ್ಲಿ ನೂರರ ಮೇಲೆ ಓಡಿಸ್ತಾನೆ. ರೂಮಲ್ಲಿ ಕೂಡಿಹಾಕಿ ಒಂದು ವಾರ ಬಿಡಿಸಿಬಿಡೋಣ ಅಂತ ಮನೆಯಲ್ಲಿ ಮಾತಾಗ್ತಿದೆ. ಸರಿನಾ?

ದಾವಣಗೆರೆ (7:13): *ಕುಡಿತ ಬಿಡಿಸುವ ರಾಮಬಾಣ* ಏಳು ದಿನ ಖಾಲಿ ಹೊಟ್ಟೆಗೆ ಹಾಗಲಕಾಯಿ ರಸ ಮತ್ತು ನಿಂಬೆರಸ, ಎಣ್ಣೆ ಪೂರ್ತಿ ಬಂದ್. ಎಂಟನೇ ದಿನ ವಾಸನೆಗೇ ವಾಂತಿ. ಹತ್ತು ಜನಕ್ಕೆ ಕಳಿಸಿ.

ಕೋಲಾರ (7:15): ನಮ್ಮಣ್ಣ ವರ್ಷವಿಡೀ ಕುಡೀತಾನೆ. ಅಯ್ಯಪ್ಪ ಮಾಲೆ ಹಾಕಿದರೆ 48 ದಿನ ಮುಟ್ಟಲ್ಲ. ಹಾಗಾದ್ರೆ ಇದು ಚಟ ಅಲ್ಲ ಅಲ್ವಾ ಮೇಡಂ?

ಮಂಡ್ಯ (7:18): ಗಾಂಜಾ ಗಿಡಮೂಲಿಕೆ ತಾನೇ, ಅದರಿಂದ ಹುಚ್ಚು ಹಿಡಿಯುತ್ತೆ ಅನ್ನೋದು ನಿಜವಾ?

ಮನೋವೈದ್ಯೆ (7:36): ಹಾಸನದವರಿಗೆ ಪೂರ್ತಿ ಬರೀಬೇಕು, ಉಳಿದವರು ಕಾಯಿರಿ.

ಕೂಡಿಹಾಕಬೇಡಿ. 180 ಎಂಎಲ್ ಕ್ವಾರ್ಟರಲ್ಲಿ ಸುಮಾರು 60 ಗ್ರಾಂ ಮದ್ಯಸಾರ ಇರುತ್ತೆ, ಎರಡಕ್ಕೆ 120 ಗ್ರಾಂ. ಮದ್ಯ ಮಿದುಳನ್ನ ಮಂದ ಮಾಡುತ್ತೆ. ದಿನಾ ಇಷ್ಟು ಬಿದ್ದರೆ ಮಿದುಳು ಅದಕ್ಕೆ ಎದುರಾಗಿ ತನ್ನ ವೇಗ ಏರಿಸಿಕೊಂಡಿರುತ್ತೆ. ಥಟ್ಟನೆ ನಿಲ್ಲಿಸಿದರೆ ಆ ವೇಗ ತಡೆಯೋಕೆ ಏನೂ ಇರಲ್ಲ. ಕೊನೆಯ ಗ್ಲಾಸಿನಿಂದ ಆರೆಂಟು ಗಂಟೆಗೆ ಕೈ ನಡುಕ, ಬೆವರು, ವಾಕರಿಕೆ ಶುರು. ಫಿಟ್ಸ್ ಬರೋದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಸನ್ನಿ ಹಿಡಿಯುತ್ತೆ: ಜಾಗ ಹೊತ್ತು ತಿಳಿಯಲ್ಲ, ಇಲ್ಲದ ಹುಳ ಹುಪ್ಪಟೆ ಕಾಣುತ್ತೆ, ಜ್ವರ ಏರುತ್ತೆ. ಚಿಕಿತ್ಸೆ ಇಲ್ಲದಿದ್ದರೆ ಇದರಿಂದ ಸಾವು ಆಗುತ್ತೆ. ಬೀಗ ಹಾಕಿದ ಕೋಣೆಯಲ್ಲಿ ಇದನ್ನ ನೋಡೋರು ಯಾರು?

ಆಸ್ಪತ್ರೆಯಲ್ಲಿ ಐದರಿಂದ ಹತ್ತು ದಿನ ಕ್ಲೋರ್‌ಡಯಾಜೆಪಾಕ್ಸೈಡ್ ಥರದ ಮಾತ್ರೆ ಕೊಟ್ಟು ದಿನದಿನಕ್ಕೆ ಇಳಿಸ್ತಾರೆ. ಲಿವರ್ ಕೆಟ್ಟಿದ್ದರೆ ಲೋರಾಜೆಪಾಂ. ಡೋಸ್ ಇಲ್ಲಿ ಬರೆಯಲ್ಲ, ಕೇಳಬೇಡಿ. ಹತ್ತಿರದ ಕ್ಲಿನಿಕ್ಕಲ್ಲಿ ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸಿ ಕರೆದುಕೊಂಡು ಬರೋ ರೂಢಿಯೂ ಬೇಡ. ದಿನಾ ಕುಡಿಯೋರ ಮೈಯಲ್ಲಿ ಥಯಾಮಿನ್, ಅಂದ್ರೆ ಬಿ1 ವಿಟಮಿನ್, ಬತ್ತಿರುತ್ತೆ. ಅದಿಲ್ಲದೆ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರೂ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳುತ್ತೆ. ಕಣ್ಣುಗುಡ್ಡೆ ಅದುರೋದು, ನಡಿಗೆ ತೂರಾಡೋದು, ಗೊಂದಲ. ನೋಡಿದವರು ಕುಡಿದಿದ್ದಾನೆ ಅಂದುಕೊಳ್ತಾರೆ, ಆಮೇಲೆ ನೆನಪು ಶಾಶ್ವತವಾಗಿ ಹೋಗುತ್ತೆ. ಥಯಾಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ.

ಇನ್ನು ಆಕ್ಸಿಡೆಂಟ್. ಕಿರುಚಿಕೊಂಡು ಏಳೋದು, ಆ ತಿರುವು ತಪ್ಪಿಸೋದು, ಎರಡು ವರ್ಷವಾದರೂ ಹೋಗದಿರೋದು: ಇದು ಆಘಾತದ ನಂತರದ ಕಾಯಿಲೆ, ಪಿಟಿಎಸ್‌ಡಿ ಇರಬಹುದು, ಪರೀಕ್ಷೆ ಆಗಲೇಬೇಕು. ಅವನು ಮಜಾಕ್ಕೆ ಕುಡೀತಿಲ್ಲ, ಕನಸು ಬೀಳದಿರಲಿ ಅಂತ ಕುಡೀತಿದ್ದಾನೆ. ಮದ್ಯ ಕನಸಿನ ನಿದ್ದೆಯನ್ನ ಅದುಮುತ್ತೆ. ನಿಲ್ಲಿಸಿದ ಮೇಲೆ ಅದು ಕೆಲವು ದಿನ, ಕೆಲವರಿಗೆ ವಾರಗಟ್ಟಲೆ, ಉಕ್ಕಿ ಬರುತ್ತೆ. ಬಿಟ್ಟ ಮೇಲೆ ಇನ್ನೂ ಕೆಟ್ಟ ಅಂತ ಮನೆಯವರೇ ಅಂದುಕೊಳ್ಳೋದು, ಅವನು ಮತ್ತೆ ಬಾಟ್ಲಿ ಹಿಡಿಯೋದು ಇಲ್ಲೇ. ಅದಕ್ಕೇ ಮೊದಲು ಕುಡಿತ ಬಿಡಲಿ, ಆಮೇಲೆ ಮನಸ್ಸು ನೋಡೋಣ ಅನ್ನೋ ಲೆಕ್ಕ ಹಿಡಿಯಲ್ಲ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕು. ಆಘಾತಕ್ಕೇ ಅಂತ ಇರೋ ಮಾತಿನ ಚಿಕಿತ್ಸೆ ಇದೆ, ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟರಿಂದ ಹದಿನಾರು ಭೇಟಿ. ಅವತ್ತು ಏನಾಯ್ತು ಹೇಳು ಅಂತ ಮನೆಯಲ್ಲಿ ಕೂರಿಸಿಕೊಂಡು ಕೆದಕಬೇಡಿ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸಿದ್ದು ಆ ನೂರರ ವೇಗ. ಆಘಾತದ ಮೇಲೆ ಕೆಲವರ ಮನಸ್ಸು ಮರಗಟ್ಟುತ್ತೆ, ವೇಗದಲ್ಲಿ ಮಾತ್ರ ಬದುಕಿದ್ದೀನಿ ಅನ್ನಿಸುತ್ತೆ. ಅವನು ಹೋದ, ನಾನ್ಯಾಕೆ ಉಳಿದೆ ಅನ್ನೋ ತಪ್ಪಿತಸ್ಥ ಭಾವ ಅದರ ಜೊತೆ ಸೇರಿದರೆ, ಸಾಯಬೇಕು ಅಂತ ಬಾಯಲ್ಲಿ ಹೇಳದಿದ್ದರೂ ಹೋದರೆ ಹೋಗಲಿ ಅನ್ನೋ ಸ್ಥಿತಿ. ಅವನು ಕುಡಿಯದ ಹೊತ್ತಲ್ಲಿ, ಬೆಳಿಗ್ಗೆ, ನೀವೊಬ್ಬರೇ ನೇರವಾಗಿ ಕೇಳಿ: ಸಾಯೋ ಯೋಚನೆ ಬರುತ್ತಾ? ಕೇಳೋದರಿಂದ ಆ ಯೋಚನೆ ಹುಟ್ಟಲ್ಲ. ಬೈಕ್ ಕೀಲಿ ಅವನಿಗೆ ಹೇಳಿಯೇ ತೆಗೆದಿಡಿ. ಹೊಲದ ಔಷಧಿ, ಇಲಿ ಪಾಷಾಣ ಇವತ್ತೇ ಮನೆಯಿಂದ ಆಚೆ ಕಳಿಸಿ.

ನಾಳೆ ಬೆಳಿಗ್ಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ. ಅಲ್ಲಿಗೆ ಹೋಗೋವರೆಗೆ ಕುಡಿತ ಬಲವಂತವಾಗಿ ನಿಲ್ಲಿಸಬೇಡಿ, ಹೆಚ್ಚಿಸೋಕೂ ಬಿಡಬೇಡಿ. ಮೆಡಿಕಲ್ ಸ್ಟೋರಿನ ನಿದ್ದೆ ಮಾತ್ರೆ ಬೇಡವೇ ಬೇಡ, ಮದ್ಯದ ಜೊತೆ ಉಸಿರೇ ನಿಲ್ಲಬಹುದು. ರಾತ್ರಿ ಮಾತಾಡೋರು ಬೇಕಾದರೆ ಟೆಲಿ ಮಾನಸ್ 14416, ದಿನದ 24 ಗಂಟೆ, ಕನ್ನಡದಲ್ಲೇ.

ಹಾಸನ (7:41): ಮೇಡಂ ಕೈ ಮುಗೀತೀನಿ. ಅಮ್ಮಂಗೆ ಓದಿ ಹೇಳ್ತೀನಿ.

ಶಿರಸಿ (7:43): ಸಾರಿಗೆ ಬೆರೆಸೋ ಪುಡಿ ಆನ್‌ಲೈನಲ್ಲಿ ಸಿಗ್ತದೆ, ಆಯುರ್ವೇದಿಕ್ ಅಂತ ಬರೆದಿದೆ. ಅದಾದರೂ ಹಾಕ್ಬಹುದಾ?

ಮನೋವೈದ್ಯೆ (7:44): ಬೇಡ. 7:07 ಓದಿ.

ದಾವಣಗೆರೆ (7:46): ಮೇಡಂ, ಹಾಗಲಕಾಯಿ ಬಗ್ಗೆ ಏನೂ ಹೇಳಲಿಲ್ಲ. ತುಂಬಾ ಜನಕ್ಕೆ ಗುಣ ಆಗಿದೆ.

ಮನೋವೈದ್ಯೆ (7:50): ಹಾಗಲಕಾಯಿ ತರಕಾರಿ, ಪಲ್ಯ ಮಾಡಿ ತಿನ್ನಿ. ನಿಮ್ಮ ಸಂದೇಶದಲ್ಲಿ ಜೀವ ತೆಗೆಯೋದು ‘ಎಣ್ಣೆ ಪೂರ್ತಿ ಬಂದ್’ ಅನ್ನೋ ಮೂರು ಪದ. ಅದನ್ನ ನಂಬಿ ಎರಡನೇ ದಿನ ಫಿಟ್ಸ್ ಬಂದರೆ ಫಾರ್ವರ್ಡ್ ಮಾಡಿದ ಹತ್ತು ಜನ ಬಂದು ಹಿಡ್ಕೊಳ್ತಾರಾ? ಅಡ್ಮಿನ್, ಅಳಿಸಿ.

ಅಡ್ಮಿನ್ (7:51): ಅಳಿಸಿದ್ದೀನಿ.

ಮನೋವೈದ್ಯೆ (7:58): ಕೋಲಾರದ ಪ್ರಶ್ನೆ ಒಳ್ಳೆಯದು. ಬಿಟ್ಟಿರೋಕೆ ಆಗುತ್ತೆ ಅನ್ನೋದು ಚಟ ಇಲ್ಲ ಅನ್ನೋಕೆ ಸಾಕ್ಷಿ ಅಲ್ಲ. ವ್ರತದಲ್ಲಿ ಏನೇನು ಬದಲಾಗುತ್ತೆ ನೋಡಿ. ಬಟ್ಟೆ ಬೇರೆ, ಎಲ್ಲರೂ ಸ್ವಾಮಿ ಅಂತ ಕರೀತಾರೆ, ಬಾರ್ ಗೆಳೆಯರೂ ದೂರ ಇರ್ತಾರೆ. ಬೆಳಿಗ್ಗೆ ತಣ್ಣೀರು ಸ್ನಾನ, ಸಂಜೆ ಏಳಕ್ಕೆ ಭಜನೆ. ಕುಡಿಯೋ ಹೊತ್ತಿಗೆ ಸರಿಯಾಗಿ ಬೇರೆ ಕೆಲಸ, ಬೇರೆ ಜನ. ಚಟ ಬಿಡಿಸೋ ಯಾವ ಕೇಂದ್ರವೂ ಮಾಡೋದು ಇದನ್ನೇ. ಮಾಲೆ ತೆಗೆದ ದಿನ ಇದೆಲ್ಲ ಒಂದೇ ಸಲ ಕಳಚುತ್ತೆ, 49ನೇ ದಿನದ ಸಂಜೆ ಏಳಕ್ಕೆ ಏನು ಮಾಡಬೇಕು ಅಂತ ಯಾರೂ ಯೋಚಿಸಿರಲ್ಲ. ಮೈಗೂ ಅಭ್ಯಾಸ ತಪ್ಪಿರುತ್ತೆ, ಹಳೇ ಅಳತೆಯಲ್ಲೇ ಕುಡಿದರೆ ಮೊದಲಿಗಿಂತ ಜಾಸ್ತಿ ಏರುತ್ತೆ, ಗಾಡಿಯಿಂದ ಬೀಳೋದು ಆಗಲೇ. ಅಣ್ಣನನ್ನ ಮಾಲೆಯಲ್ಲಿರುವಾಗಲೇ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಆಸೆ ತಗ್ಗಿಸೋಕೆ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್ ಅನ್ನೋ ಮಾತ್ರೆ ಇವೆ. ಮೊದಲನೆಯದಕ್ಕೆ ಲಿವರ್, ಎರಡನೆಯದಕ್ಕೆ ಕಿಡ್ನಿ ನೋಡಿ ಕೊಡ್ತಾರೆ. ದಿನಾ ಹೆಚ್ಚು ಕುಡಿಯೋರು ಮಾಲೆ ಹಾಕೋ ಮೊದಲೂ ವೈದ್ಯರನ್ನ ಕಾಣಬೇಕು, ವ್ರತದ ಮೊದಲ ನಾಲ್ಕು ದಿನಕ್ಕೂ ಮೇಲಿನ ಅಪಾಯವೇ.

ಬೆಂಗಳೂರು 1 (8:01): ನೋಡಿದ್ರಾ, ಮನಸ್ಸು ಮಾಡಿದರೆ ಬಿಡಬಹುದು ಅಂತ ಮೇಡಂ ಅವರೇ ಹೇಳಿದ್ರು. ಆಘಾತ, ಬಾಲ್ಯದ ನೋವು ಎಲ್ಲ ಕುಡುಕರ ನೆಪ. ಬಡವರೆಲ್ಲ ಕುಡೀತಾರಾ?

ಹಾವೇರಿ (8:03): ಏನ್ರೀ ಅಣ್ಣಾರ, ಹಂಗ ಅವರು ಎಲ್ಲಿ ಹೇಳ್ಯಾರ? ಪೂರ್ತಿ ಓದ್ರಿ.

ಬೆಂಗಳೂರು 1 (8:04): ಓದಿಯೇ ಹೇಳ್ತಿರೋದು. 2007ರಲ್ಲಿ ಸಾರಾಯಿ ನಿಲ್ಲಿಸಿದ ಹಾಗೆ ಎಲ್ಲ ನಿಲ್ಲಿಸಬೇಕು.

ಹಾವೇರಿ (8:06): ಸಾರಾಯಿ ನಿಂತ ಮ್ಯಾಲೆ ಮಂದಿ ಕುಡಿಯೋದು ಬಿಟ್ರೇನು? 90 ಎಂಎಲ್ ಪಾಕೀಟು ಹಿಡದ್ರು. ರೊಕ್ಕ ಹೆಚ್ಚಿಗಿ ಹೋತು, ಅಷ್ಟ.

ಬೆಂಗಳೂರು 1 (8:07): ನಿಮ್ಮಂಥವರು ಸಪೋರ್ಟ್ ಮಾಡೋದ್ರಿಂದಲೇ ಹೀಗಾಗಿರೋದು.

ಹಾವೇರಿ (8:08): ಮಾತು ಹಿಡದ್ ಆಡ್ರಿ.

ಮನೋವೈದ್ಯೆ (8:12): ಇದು ಅಬಕಾರಿ ಚರ್ಚೆ ಅಲ್ಲ. ನೆಪ ಅಂದವರಿಗೆ ಒಂದೇ ಮಾತು. 1998ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಿಂದ ಒಂದು ದೊಡ್ಡ ಅಧ್ಯಯನ ಬಂತು. ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡುಕರು, ತಾಯಿಗೆ ಹೊಡೆಯೋದನ್ನ ನೋಡೋದು, ಇಂಥ ನಾಲ್ಕು ಅಥವಾ ಹೆಚ್ಚು ಬಗೆಯ ಪೆಟ್ಟು ತಿಂದವರಲ್ಲಿ ಮದ್ಯವ್ಯಸನ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ ನಾಲ್ಕರಿಂದ ಹನ್ನೆರಡು ಪಟ್ಟು ಕಂಡಿತು. ಪೆಟ್ಟು ತಿಂದವರೆಲ್ಲ ಕುಡಿಯಲ್ಲ, ಕುಡಿಯೋರೆಲ್ಲ ಪೆಟ್ಟು ತಿಂದಿರಲ್ಲ. ಆದರೆ ಇದ್ದ ಪೆಟ್ಟನ್ನ ನೆಪ ಅಂದರೆ ಆ ಮನುಷ್ಯ ಮತ್ತೆ ಬಾಯಿ ಬಿಡಲ್ಲ. ಬಾಯಿ ಬಿಡದವರಿಗೆ ಚಿಕಿತ್ಸೆ ಕೊಡೋಕಾಗಲ್ಲ.

ಬೆಂಗಳೂರು 2 (8:15): ಕುಡಿಯೋದು ನಾನೇ, ಹೆಂಗಸು. ಹೆರಿಗೆ ಆದಮೇಲೆ ನಿದ್ದೆ ಇಲ್ಲದೆ ಶುರುವಾಯ್ತು. ರಾತ್ರಿ 90 ಎಂಎಲ್. ಮಗು ಹಾಲು ಕುಡಿಯುತ್ತೆ, ಏಳು ತಿಂಗಳು. ಆಸ್ಪತ್ರೆಗೆ ಹೋದರೆ ಮನೆಯವರಿಗೆ ಹೇಳ್ತಾರಾ?

ಬೆಂಗಳೂರು 1 (8:17): ಇನ್ನೇನು ನೋಡೋದು ಬಾಕಿ ಇದೆ. ತಾಯಿ ಅನ್ನಿಸಿಕೊಳ್ಳೋಕೆ ನಾಚಿಕೆ ಆಗಬೇಕು.

ಹಾವೇರಿ (8:18): ಅಡ್ಮಿನ್ನರ, ಇವ್ರನ್ನ ಹೊರಗ ಹಾಕ್ರಿ ಮೊದಲ.

ಮೈಸೂರು (8:19): ಎರಡು ಕಡೆಯವರೂ ಸುಮ್ಮನಿರಿ, ಆ ಅಕ್ಕ ಹೆದರಿ ಅಳಿಸಿಬಿಡ್ತಾರೆ.

ಮನೋವೈದ್ಯೆ (8:25): ಬೆಂಗಳೂರಿನ ಅಕ್ಕ, ನೀವು ಕೇಳಿದ್ದು ಸರಿಯಾಗಿದೆ, ಅಳಿಸಬೇಡಿ. ರಕ್ತದಲ್ಲಿ ಎಷ್ಟಿದೆಯೋ ಹಾಲಿನಲ್ಲೂ ಅಷ್ಟೇ ಇರುತ್ತೆ. 30 ಎಂಎಲ್ ಕರಗೋಕೆ ಸುಮಾರು ಎರಡು ಗಂಟೆ, 90ಕ್ಕೆ ಆರು. ಹಿಂಡಿ ಚೆಲ್ಲಿದರೆ ಬೇಗ ಹೋಗಲ್ಲ, ಕಾಲವೇ ಕಳೀಬೇಕು. ಅಷ್ಟು ಹೊತ್ತಿಗೆ ಬೇಕಾಗೋ ಹಾಲು ಕುಡಿಯೋ ಮೊದಲೇ ತೆಗೆದಿಡಿ. ಕುಡಿದ ರಾತ್ರಿ ಮಗುವನ್ನ ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ, ಮೈಮೇಲೆ ಉರುಳಿದ್ದು ತಿಳಿಯಲ್ಲ. ಹೆರಿಗೆಯ ನಂತರದ ಖಿನ್ನತೆ ಇದೆಯಾ ಅಂತ ಮೊದಲು ನೋಡಬೇಕು, ಹಾಲುಣಿಸುತ್ತಲೇ ತಗೊಳ್ಳಬಹುದಾದ ಮಾತ್ರೆ ಇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ನಿಮ್ಮ ಹಕ್ಕು, ವೈದ್ಯರು ಕಂಡಕಂಡವರಿಗೆ ಹೇಳೋ ಹಾಗಿಲ್ಲ. ನಿಮ್ಹಾನ್ಸ್ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಹೆಂಗಸರಿಗೂ ಚಿಕಿತ್ಸೆ ಇದೆ.

8:17ರಲ್ಲಿ ಬರೆದವರೇ, ಹೆಂಗಸರು ವರ್ಷಗಟ್ಟಲೆ ಆಸ್ಪತ್ರೆ ಮೆಟ್ಟಿಲು ಹತ್ತದಿರೋದು ಇಂಥ ಮಾತಿಗೆ.

ಅಡ್ಮಿನ್ (8:26): ಬೆಂಗಳೂರು 1 ಅವರನ್ನ ತೆಗೆದಿದ್ದೀನಿ.

ಚಿಕ್ಕಮಗಳೂರು (8:29): ಬಿಯರ್ ಆದರೆ ತೊಂದರೆ ಇಲ್ಲ ಅಲ್ವಾ?

ಮನೋವೈದ್ಯೆ (8:30): 650 ಎಂಎಲ್ ಸ್ಟ್ರಾಂಗ್ ಬಿಯರ್ ಅಂದ್ರೆ ವಿಸ್ಕಿಯ ನಾಲ್ಕು 30 ಎಂಎಲ್. ಲೆಕ್ಕ ನೀವೇ ಹಾಕಿ.

ಮಂಡ್ಯ (8:32): ಮೇಡಂ ಗಾಂಜಾ ಪ್ರಶ್ನೆ ಬಾಕಿ ಇದೆ.

ಗದಗ (8:33): ಕುಡಿಯೋದು ಬಿಟ್ಟು ಗುಟ್ಕಾ ಹಿಡದಾರ ಮೇಡಂ, ಅದಕ್ಕೇನ್ ಮಾಡೋದು?

ಹಾಸನ (8:41): ಮೇಡಂ ಅರ್ಜೆಂಟ್. ಅಮ್ಮ ಬೆಳಿಗ್ಗೆಯೇ ಬಾಟ್ಲಿ ಎಲ್ಲ ಚೆಲ್ಲಿ, ಅವನನ್ನ ಆಚೆ ಬಿಡದೆ ಇಟ್ಟಿದ್ದಾರೆ, ನನಗೀಗ ಹೇಳಿದ್ರು. ನಿನ್ನೆ ರಾತ್ರಿ ಹತ್ತಕ್ಕೆ ಕುಡಿದಿದ್ದೇ ಕೊನೆ. ಎರಡು ಸಲ ವಾಂತಿ, ಲೋಟ ಹಿಡಿಯೋಕಾಗದಷ್ಟು ಕೈ ನಡುಕ, ಗೋಡೆ ಮೇಲೆ ಇರುವೆ ಅಂತ ಒರೆಸ್ತಿದಾನೆ.

ಮನೋವೈದ್ಯೆ (8:42): ನಾಳೆವರೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಆಮೇಲೆ ಇದನ್ನ ಓದಿ. ಬೈಕಲ್ಲಿ ಕೂರಿಸಿಕೊಂಡು ಹೋಗಬೇಡಿ. ಲೈಟ್ ಉರೀಲಿ, ಒಬ್ಬರು ಪಕ್ಕದಲ್ಲೇ ಇರಿ. ಇರುವೆ ಇಲ್ಲ ಅಂತ ವಾದ ಮಾಡಬೇಡಿ. ಫಿಟ್ಸ್ ಬಂದರೆ ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ ಯಾವುದೂ ಬೇಡ. ಎಷ್ಟು ನಿಮಿಷ ಅಂತ ಗಡಿಯಾರ ನೋಡಿ. ಡ್ಯೂಟಿ ಡಾಕ್ಟರಿಗೆ ಹೀಗೇ ಹೇಳಿ: ಎರಡು ವರ್ಷದಿಂದ ದಿನಾ 360 ಎಂಎಲ್, ಕೊನೆಯದು ನಿನ್ನೆ ರಾತ್ರಿ ಹತ್ತಕ್ಕೆ, ಈಗ ಇಲ್ಲದ್ದು ಕಾಣ್ತಿದೆ, ಗ್ಲೂಕೋಸ್‌ಗಿಂತ ಮೊದಲು ಥಯಾಮಿನ್ ಕೊಡಿ. ಆಕ್ಸಿಡೆಂಟ್ ವಿಷಯ ಅಡ್ಮಿಟ್ ಆದ ಮೇಲೆ ಹೇಳಿ, ಮರೀಬೇಡಿ.

ಶಿರಸಿ (8:44): ಪುಡಿ ಬೇಡ ಅಂದ್ರಿ, ಮತ್ತೆ ಹೋಮಿಯೋಪತಿ ಹನಿ?

ಮೈಸೂರು (8:45): ಸ್ವಲ್ಪ ಸುಮ್ಮನಿರಿ ಅಣ್ಣ, ಅಲ್ಲೊಂದು ಜೀವ ಒದ್ದಾಡ್ತಿದೆ.

ಹಾಸನ (9:03): ಆಂಬುಲೆನ್ಸ್ ಬಂತು. ಅಮ್ಮನೂ ನಾನೂ ಹತ್ತಿದ್ದೀವಿ.

ಮನೋವೈದ್ಯೆ (9:03): ಫೋನ್ ಕೈಯಲ್ಲಿರಲಿ. ಬಿ1 ಇಂಜೆಕ್ಷನ್ ಆದ ಮೇಲೆ ನನಗೆ ಮೆಸೇಜ್ ಮಾಡಿ, ಎಷ್ಟು ಹೊತ್ತಾದರೂ ಪರವಾಗಿಲ್ಲ.