ಅಪ್‌ಡೇಟ್: ಅಡುಗೆ ಸೋಡಾ ಕುಡಿದು ಅಮ್ಮನಿಗೆ ಶುರುವಾಗಿದ್ದ ಗಂಟಲು ಉರಿ

ಹೊಟ್ಟೆಯುಬ್ಬರಕ್ಕೆ ಅಂತ ಅಮ್ಮ ಸ್ವಲ್ಪವೇ ನೀರಿಗೆ ಅಡುಗೆ ಸೋಡಾ ಜಾಸ್ತಿ ಹಾಕಿ ಕುಡಿದಿದ್ದರು. ಗಂಟಲು ಉರಿಗೆ ಏನು ಮಾಡೋದು ಅಂತ ನಿಮ್ಮನ್ನೆಲ್ಲ ಕೇಳಿದ್ದೆ. ಈಗ ಪೂರ್ತಿ ವಾಸಿಯಾಗಿದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕೆಲಸ ಮಾಡಿದ್ದು ತೀರಾ ಸರಳ ಸಲಹೆ. ಬಾಯಿ ಮುಕ್ಕಳಿಸಿ, ಸಾದಾ ನೀರನ್ನು ಗುಟುಕು ಗುಟುಕಾಗಿ ಕುಡಿಯುವುದು. ಊಟಕ್ಕೆ ಮೆತ್ತಗಿನ ಮೊಸರನ್ನ, ಖಾರ ಬಂದ್. ನಿಂಬೆರಸ ಮಾತ್ರ ಬೇಡವೇ ಬೇಡ. ಒಂದು ಗುಟುಕಿಗೇ ಉರಿ ಹೆಚ್ಚಾಯಿತು, ತೇಗೂ ಶುರುವಾಯಿತು. ಬಿಸಿ ಉಪ್ಪುನೀರಿನಿಂದಲೂ ಪ್ರಯೋಜನ ಆಗಲಿಲ್ಲ.

ಜಯನಗರದಲ್ಲಿ ಮನೆ ಹತ್ತಿರದ ಡಾಕ್ಟರ್‌ಗೂ ತೋರಿಸಿದೆವು. ಸರಿಯಾಗಿ ಕರಗದ ಸೋಡಾ ಗಂಟಲಿನಲ್ಲಿ ಉರಿ ತರುತ್ತದಂತೆ. ಹೊಟ್ಟೆಯ ಆಸಿಡ್ ಜೊತೆ ಸೇರಿದರೆ ಗ್ಯಾಸ್ ಹುಟ್ಟುತ್ತದೆ, ತೇಗಿನ ಜೊತೆ ಆಸಿಡ್ ಮೇಲೆ ಬಂದು ಗಂಟಲು ಇನ್ನೂ ಉರಿಯುತ್ತದೆ.

ನನಗೆ ಗೊತ್ತೇ ಇರದಿದ್ದದ್ದು ಸೋಡಿಯಂ ವಿಷಯ, ಅಂದರೆ ಉಪ್ಪಿನಲ್ಲೂ ಇರುವ, ಜಾಸ್ತಿಯಾದರೆ ಬಿಪಿ ಏರಿಸುವ ಅಂಶ. ಒಂದು ಟೀ ಚಮಚ ಸೋಡಾದಲ್ಲೇ ಸುಮಾರು 1,200 ಮಿಲಿಗ್ರಾಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದೇ 2,000ಕ್ಕಿಂತ ಕಡಿಮೆ! ಅಮ್ಮನಿಗೆ ಬಿಪಿ ಬೇರೆ ಇದೆ, ಕೇಳಿ ಎದೆ ಧಸಕ್ಕೆಂದಿತು.

ವಾಂತಿ ನಿಲ್ಲದಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.